‘ಮಾಡಿಲ್ಲ’, ‘ಮಾಡಲಿಲ್ಲ’: ಇಂಗ್ಲಿಷ್ ವ್ಯಾಕರಣ ನನಗೆ ಹಿಡಿದ ಬಗೆ

ಪೀಣ್ಯದ ಒಂದು ಕಾರ್ಖಾನೆಯ ಡಿಸ್ಪ್ಯಾಚ್ ವಿಭಾಗಕ್ಕೆ ಸೇರಿದ ಹೊಸತು. ನಾನು ಓದಿದ್ದು ಪೂರ್ತಿ ಕನ್ನಡ ಮಾಧ್ಯಮ. ಒಂದು ದಿನ ಹೊಸೂರಿನ ಗಿರಾಕಿಯೊಬ್ಬರು, ನಿಮ್ಮ ಮ್ಯಾನೇಜರ್ ಸಿಗುತ್ತಾರಾ ಅಂತ ಮೇಲ್ ಮಾಡಿದರು. ಮ್ಯಾನೇಜರ್ ಪುಣೆಯಲ್ಲಿದ್ದರು. ‘ಅವರು ಪುಣೆಗೆ ಹೋಗಿದ್ದಾರೆ’ ಎಂದು ಮನಸ್ಸಿನಲ್ಲೇ ಹೇಳಿಕೊಂಡು ‘ದೇ ಹ್ಯಾವ್ ಬೀನ್ ಟು ಪುಣೆ’ ಎಂದು ಉತ್ತರ ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಆ ಗಿರಾಕಿ ರಿಸೆಪ್ಷನ್ನಿನಲ್ಲಿ ಬಂದು ಕೂತಿದ್ದರು. ನನ್ನ ಸಾಲು ಅವರಿಗೆ ಹೇಳಿದ್ದು ಇಷ್ಟು: ಮ್ಯಾನೇಜರೂ ಜೊತೆಯವರೂ ಪುಣೆಗೆ ಹೋಗಿ ಬಂದಾಗಿದೆ.

ಒಂದೇ ಸಾಲಿನಲ್ಲಿ ಎರಡು ತಪ್ಪು. ಒಂದು ಸರ್ವನಾಮದ್ದು, ಇನ್ನೊಂದು ಪ್ರೆಸೆಂಟ್ ಪರ್ಫೆಕ್ಟ್‌ನದ್ದು, ಅಂದರೆ ‘ಹ್ಯಾವ್’, ‘ಹ್ಯಾಸ್’ ಹಾಕಿ ಹೇಳುವ ಟೆನ್ಸಿನದ್ದು. ಅವರು ಅಷ್ಟು ದೂರದಿಂದ ಬಂದು ಬರಿಗೈಯಲ್ಲಿ ಹೋದದ್ದು ನನಗೆ ಬಹಳ ಬೇಜಾರಾಯಿತು. ಅವತ್ತು ರಾತ್ರಿಯೇ ಒಂದು ನೋಟ್‌ಬುಕ್ ಶುರು ಮಾಡಿದೆ.

ಸರ್ವನಾಮದ ಕಷ್ಟ ನಮ್ಮ ‘ಅವರು’ ಎಂಬ ಮರ್ಯಾದೆಯ ಮಾತಿನಲ್ಲಿದೆ. ಅಪ್ಪ, ಮೇಷ್ಟ್ರು, ಡಾಕ್ಟರು ಎಲ್ಲರೂ ನಮಗೆ ‘ಅವರು’, ಕ್ರಿಯಾಪದವೂ ‘ಹೋಗಿದ್ದಾರೆ’. ಇಂಗ್ಲಿಷಿನ ‘ಹೀ’, ‘ಶೀ’ಗಳಲ್ಲಿ ಮರ್ಯಾದೆಯ ಲೆಕ್ಕವಿಲ್ಲ, ಅಗೌರವವೂ ಇಲ್ಲ. ಹಾಗಾಗಿ ಅಪ್ಪ ಎಂದರೆ ‘ಹೀ’, ಮುಂದೆ ‘ಹ್ಯಾಸ್’. ಬಾಸ್‌ಗೆ ‘ಹೀ’ ಎನ್ನಲು ನನಗೆ ತಿಂಗಳುಗಟ್ಟಲೆ ನಾಲಿಗೆ ಬರಲಿಲ್ಲ. (ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರಿಗೆ ‘ದೇ’ ಹಾಕುವುದುಂಟು, ಆಗಲೂ ‘ಹ್ಯಾವ್’ ಎಂದೇ ಬರುತ್ತದೆ.) ‘ಹೀ, ಹಿಮ್, ಹಿಸ್’ ಮಾತ್ರ ಸುಲಭವಾಗಿ ಕೂತಿತು: ಅವನು, ಅವನನ್ನು, ಅವನ. ಶಾಲೆಯಲ್ಲಿ ಕಲಿತ ವಿಭಕ್ತಿ ಅಲ್ಲಿ ನೆರವಿಗೆ ಬಂತು. ಇನ್ನೊಂದು ವಿಷಯ, ಕನ್ನಡದಲ್ಲಿ ‘ಕಳಿಸಿದ್ದೇವೆ’ ಎಂದರೆ ಸಾಕು, ‘ನಾವು’ ಅದರೊಳಗೇ ಇದೆ. ಇಂಗ್ಲಿಷಿನಲ್ಲಿ ‘ವಿ’ ಬರೆಯದೆ ವಾಕ್ಯ ನಿಲ್ಲುವುದಿಲ್ಲ. ಮಳೆ ಬಂದರೂ ಅಲ್ಲೊಂದು ‘ಇಟ್’ ಬೇಕು.

ಪ್ರೆಸೆಂಟ್ ಪರ್ಫೆಕ್ಟ್ ಅಷ್ಟು ಬೇಗ ಒಲಿಯಲಿಲ್ಲ. ‘ಹ್ಯಾವ್ ಪ್ಲಸ್ ವಿ3’ (ವಿ3 ಎಂದರೆ ‘ಗೋ, ವೆಂಟ್, ಗಾನ್’ನಲ್ಲಿ ‘ಗಾನ್’ನಂಥ ಮೂರನೇ ರೂಪ) ಎಂಬ ಸೂತ್ರ ಹೈಸ್ಕೂಲಿನಿಂದ ಬಾಯಿಪಾಠವಾಗಿತ್ತು, ಎಲ್ಲಿ ಹಾಕಬೇಕೆಂಬುದು ಗೊತ್ತಿರಲಿಲ್ಲ. ಅದು ಹೊಳೆದದ್ದು ಅಮ್ಮನ ಫೋನಿನಲ್ಲಿ.

‘ಊಟ ಆಯ್ತೇನೋ?’

‘ಇನ್ನೂ ಮಾಡಿಲ್ಲಮ್ಮ.’

‘ರಾತ್ರಿ ಮಾಡಿದ್ಯಾ?’

‘ರಾತ್ರಿ ಮಾಡಲಿಲ್ಲ, ಹಸಿವಿರಲಿಲ್ಲ.’

ಫೋನ್ ಇಟ್ಟ ಮೇಲೂ ಆ ಎರಡು ಮಾತು ಕಿವಿಯಲ್ಲೇ ಇದ್ದವು. ನಮ್ಮ ಹಾಸನದ ಕಡೆ ‘ಮಾಡಲಿಲ್ಲ’ ಎಂದರೆ ಆ ಹೊತ್ತು ಕಳೆದುಹೋಯಿತು, ಅದು ‘ಡಿಡ್‌ನಾಟ್ ಈಟ್’. ‘ಮಾಡಿಲ್ಲ’ ಎಂದರೆ ಇನ್ನೂ ಮಾಡಬಹುದು, ತಟ್ಟೆ ಕಾಯುತ್ತಿದೆ, ಅದು ‘ಹ್ಯಾವ್‌ನಾಟ್ ಈಟನ್’. ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತೇ ಇದು! ‘ಮಾಡಿದ್ದೇನೆ’ಯನ್ನು ಬಿಡಿಸಿ ನೋಡಿದೆ: ಮಾಡಿ, ಇದ್ದೇನೆ. ಕೆಲಸ ಆಗಿಹೋದದ್ದು, ‘ಇದ್ದೇನೆ’ ಈಗಿನದ್ದು. ಹಿಂದೆ ಆದ ಕೆಲಸದ ಟೆನ್ಸಿಗೆ ‘ಪ್ರೆಸೆಂಟ್’ ಎಂಬ ಹೆಸರು ಯಾಕೆ ಎಂಬ ಹಳೆಯ ಗೊಂದಲ ಅಲ್ಲಿಗೆ ಕಳೆಯಿತು.

ಪುಣೆಯ ಸಾಲಿಗೂ ಉತ್ತರ ಕನ್ನಡದಲ್ಲೇ ಸಿಕ್ಕಿತು. ‘ಹೋಗಿದ್ದಾರೆ’ ಎಂದರೆ ‘ಹ್ಯಾಸ್ ಗಾನ್’, ಮನುಷ್ಯ ಇನ್ನೂ ಅಲ್ಲೇ. ‘ಹೋಗಿ ಬಂದಿದ್ದಾರೆ’ ಎಂದರೆ ‘ಹ್ಯಾಸ್ ಬೀನ್’.

ಆದರೆ ಕನ್ನಡವನ್ನು ಪೂರ್ತಿ ನಂಬಿದರೂ ಎಡವುತ್ತೇವೆ. ‘ನಿನ್ನೆನೇ ಕಳಿಸಿದ್ದೀನಿ ಸಾರ್’ ನಮ್ಮಲ್ಲಿ ಸರಿಯಾದ ಮಾತು. ಅದನ್ನೇ ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ’ ಎಂದರೆ ತಪ್ಪು. ನಿನ್ನೆ, ಹೋದ ವಾರ, 2019ರಲ್ಲಿ ಎಂದು ಮುಗಿದ ಕಾಲವನ್ನು ಹೆಸರಿಸಿದ ಕೂಡಲೇ ‘ಹ್ಯಾವ್’ ಹೊರಗೆ. ನನ್ನ ಮೇಲ್‌ಗಳಲ್ಲಿ ಹೀಗೆ ಪಾಲಿಸಿದೆ: ಬರೀ ಸರಕು ಹೊರಟಿದೆ ಎಂದು ತಿಳಿಸುವಾಗ ‘ವಿ ಹ್ಯಾವ್ ಡಿಸ್ಪ್ಯಾಚ್ಡ್’, ದಿನ ಬರೆದರೆ ‘ವಿ ಡಿಸ್ಪ್ಯಾಚ್ಡ್ ಇಟ್ ಆನ್ ಮಂಡೇ’. ಇನ್ನೊಂದು ಎಡವು ನಮ್ಮ ‘ಇಂದ’ದ್ದು. ‘ಹತ್ತು ವರ್ಷದಿಂದ ಇಲ್ಲಿದ್ದೇನೆ’, ‘2014ರಿಂದ ಇಲ್ಲಿದ್ದೇನೆ’, ಎರಡಕ್ಕೂ ನಮಗೆ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಎಷ್ಟು ಕಾಲ ಎಂಬುದಕ್ಕೆ ‘ಫಾರ್’, ಎಲ್ಲಿಂದ ಶುರು ಎಂಬುದಕ್ಕೆ ‘ಸಿನ್ಸ್’. ‘ಐ ಆ್ಯಮ್ ಹಿಯರ್’ ಕೂಡ ನಡೆಯದು, ‘ಐ ಹ್ಯಾವ್ ಬೀನ್ ಹಿಯರ್’ ಎನ್ನಬೇಕು.

ಈಗ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಮೊನ್ನೆ ಭಾನುವಾರ ಅದೇ ನೋಟ್‌ಬುಕ್ ತೆಗೆದು ಅವಳನ್ನು ಕೂರಿಸಿಕೊಂಡೆ. ಮೊದಲು ಕನ್ನಡದಲ್ಲಿ ಬರಿ ಎಂದೆ. ‘ಅಪ್ಪ ಡ್ಯೂಟಿಗೆ ಹೋಗಿದ್ದಾರೆ. ಅಮ್ಮ ಸಂತೆಗೆ ಹೋಗಿದ್ದಾಳೆ’ ಎಂದು ಬರೆದಳು. ಅದರ ಕೆಳಗೆ ‘ಹೀ ಹ್ಯಾಸ್ ಗಾನ್’, ‘ಶೀ ಹ್ಯಾಸ್ ಗಾನ್’ ಎಂದು ಬರೆದು, ನಾಲ್ಕು ಸಾಲನ್ನೂ ಇನ್ನೊಮ್ಮೆ ಓದಿಕೊಂಡು ನನ್ನ ಮುಖ ನೋಡಿದಳು.

‘ಇಂಗ್ಲಿಷಲ್ಲಿ ಇಬ್ಬರಿಗೂ ಒಂದೇನಾ ಮಾಮ?’