ಸರೋವರದ ಕಲ್ಲೋ, ಸಮುದ್ರದ ಕಲ್ಲೋ? ಹುಳುವಿನ ಜಾಡು ಓದುವ ಬಗೆ

ಕಲ್ಲಿನ ಮೇಲೆ ಬಳುಕಿದ ಗೀರೊಂದು ಕಂಡದ್ದೇ ತಡ, ‘ಕೊಕ್ಲಿಕ್ನಸ್! ಇದು ಹಳೇ ಸರೋವರ’ ಎಂದು ಘೋಷಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಕೊಕ್ಲಿಕ್ನಸ್ ಎಂದರೆ ಕೆಸರು ಕಲ್ಲಾದಾಗ ಅದರಲ್ಲಿ ಉಳಿದ, ಬಳುಕುವ ಹುಳುಜಾಡಿನ ಹೆಸರು. ಆದರೆ ಬಳುಕುವ ಹುಳು ಸಮುದ್ರದಲ್ಲೂ ಉಂಟು. ಒಂಟಿ ಜಾಡಿನ ಹೆಸರು ಹಿಡಿದು ತೀರ್ಪು ಕೊಡಬೇಡಿ. ಯಾವುದರ ಜೊತೆ ಯಾವುದಿದೆ, ಯಾವುದನ್ನು ಯಾವುದು ಕತ್ತರಿಸಿದೆ ಎಂದು ನೋಡಿ.

ಮೊದಲಿಗೆ, ಬಂಡೆಯಲ್ಲೇ ಉಳಿದಿರುವ ಪದರ ಹುಡುಕಿ. ಕೆಳಗೆ ಉದುರಿಬಿದ್ದ ಚಪ್ಪಡಿ ಎಷ್ಟೇ ಚೆಂದವಿರಲಿ, ಅದರ ಮೇಲು ಯಾವುದು, ತಳ ಯಾವುದು ಎಂಬ ಜಗಳವೇ ಮುಗಿಯುವುದಿಲ್ಲ.

ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ. ಮೊಬೈಲ್ ಫ್ಲ್ಯಾಶ್ ನೇರವಾಗಿ ಬಿದ್ದರೆ ಉಬ್ಬುತಗ್ಗೆಲ್ಲ ಮಾಯ. ಜಾಡು ಎದ್ದು ಕಾಣಲೆಂದು ಎಣ್ಣೆ, ವಾರ್ನಿಷ್ ಬಳಿಯುವವರಿದ್ದಾರೆ; ಕಲ್ಲು ಕೆಟ್ಟಿತೆಂದೇ ಲೆಕ್ಕ. ಒಳಗೆ ಸಡಿಲ ಮಣ್ಣು ತುಂಬಿದ ತೂತು ಈಗಿನ ಕೀಟದ್ದಿರಬಹುದು, ಪಕ್ಕಕ್ಕಿಡಿ.

ಈಗ ಎಲ್ಲರೂ ಎಡವುವ ಜಾಗ. ಪೆನ್ಸಿಲ್ ದಪ್ಪದ ಬಿಲವೊಂದು ಉದ್ದಕ್ಕೆ ಸೀಳಿ ಕಾಣುತ್ತಿದೆ ಎನ್ನಿ. ಒಳಗೆ ಬಟ್ಟಲುಗಳನ್ನು ಒಂದರೊಳಗೊಂದು ಪೇರಿಸಿದಂಥ ಕಮಾನುಗಳು: ಪ್ರಾಣಿ ಮುಂದೆ ಕೊರೆಯುತ್ತ ಮಣ್ಣನ್ನು ಹಿಂದಕ್ಕೆ ತುರುಕಿದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ, ಹತ್ತು ಪಟ್ಟು ದೊಡ್ಡದಾಗಿಸುವ ಲೆನ್ಸ್ ತೆಗೆದು ಬಿಲದ ಗೋಡೆ ನೋಡಿ. ಗೋಡೆಗೆ ಲೇಪವಿಲ್ಲದೆ ನುಣುಪಾಗಿದ್ದರೆ ಟೀನಿಡಿಯಂ. ಉದ್ದುದ್ದಕ್ಕೆ ಕೂದಲೆಳೆಯಂಥ ಪರಚು ಗೀರುಗಳಿದ್ದರೆ ಸ್ಕೊಯೇನಿಯಾ. ಗಂಜಿಯಂಥ ಕೆಸರಿನಲ್ಲಿ ಉಗುರಿನ ಗೀರು ನಿಲ್ಲದು. ಅಂದರೆ ಕೊರೆಯುವಾಗ ಕೆಸರು ನೀರಿಳಿದು ಬಿಗಿಯಾಗಿತ್ತು, ಆದರೆ ಇನ್ನೂ ಒಣಗಿರಲಿಲ್ಲ. ನೀರು ಹಿಂದೆ ಸರಿದ ಅಂಚಿನ ಗುರುತು ಅದು.

ಆದರೆ ನದಿಯ ನೆರೆಬಯಲಿನಲ್ಲೂ ಇಂಥದೇ ಅಂಚು ಇರುತ್ತದಲ್ಲ! ಆದ್ದರಿಂದ ಸ್ಕೊಯೇನಿಯಾ ಒಂದೇ ಸಾಲದು. ಅದೇ ಪದರದಲ್ಲೋ ಸ್ವಲ್ಪ ಕೆಳಗೋ ಗೋರ್ಡಿಯಾದಂಥ ಸುತ್ತಿಬಳಸಿದ ತೆಳ್ಳನೆಯ ಮೇವಿನ ಜಾಡುಗಳಿವೆಯೇ ಹುಡುಕಿ. ಅವು ನೀರಿನಡಿಯ ಮೆತ್ತನೆ ಕೆಸರಿನವು. ಮೇವಿನ ಜಾಡನ್ನು ಬಿಲ ಕತ್ತರಿಸಿ, ಬಿಲವನ್ನು ಒಣಬಿರುಕು ಸೀಳಿದ್ದರೆ ಸರೋವರ ಇಳಿದ ಕ್ರಮವೇ ಕಣ್ಣಮುಂದಿದೆ. ಪಳೆಯುಳಿಕೆ ವಿಜ್ಞಾನಿ ಜೈಲಾಖರ್ 1967ರಲ್ಲಿ ಸ್ಕೊಯೇನಿಯಾ ಗುಂಪು, ಅಂದರೆ ಇಂಥ ಅಂಚಿನಲ್ಲಿ ಒಟ್ಟಿಗೆ ಸಿಗುವ ಜಾಡುಗಳ ಗುಂಪು, ಗುರುತಿಸಿದರು; ನೀರೊಳಗಿನ ಮೇವಿನ ಜಾಡುಗಳಿಗೆ ಬುವಾಟೊಯಿಸ್ ಮತ್ತು ಮಂಗಾನೊ 1995ರಲ್ಲಿ ಮರ್ಮಿಯಾ ಎಂಬ ಬೇರೆ ಗುಂಪನ್ನೇ ಮಾಡಿದರು. ಎರಡನ್ನೂ ಕಲಸಿ ‘ಸಿಹಿನೀರಿನ ಜಾಡು’ ಎಂದು ಬರೆದರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಸಮುದ್ರದ ಸಾಕ್ಷಿ. ಸೀ ಅರ್ಚಿನ್ ಎಂಬ ಮುಳ್ಳುಚೆಂಡಿನಂಥ ಸಮುದ್ರಪ್ರಾಣಿಯ ಬಂಧುಗಳು ಕೊರೆದ ಸ್ಕೊಲಿಸಿಯಾ ಜಾಡು ಸಿಕ್ಕರೆ ಸರೋವರದ ಮಾತು ಬಿಡಿ. ಆ ಕುಲ ಸಿಹಿನೀರಿಗೆ ಕಾಲಿಟ್ಟಿಲ್ಲ. ಜಾಡಿನ ಬಗೆ ಕಡಿಮೆ, ಸಂಖ್ಯೆ ಹೆಚ್ಚು, ಆದ್ದರಿಂದ ಸರೋವರ ಎಂಬುದನ್ನಷ್ಟೇ ನೆಚ್ಚಬೇಡಿ, ಅಳಿವೆಯ ಸಪ್ಪೆ ಉಪ್ಪುನೀರಿನಲ್ಲೂ ಹಾಗೇ.

ಫೋಟೊದಲ್ಲಿ ಅಳತೆಪಟ್ಟಿ ಇರಲಿ, ಮೇಲಿನ ದಿಕ್ಕಿಗೆ ಬಾಣ ಬರೆಯಿರಿ. ಯಾವುದು ಯಾವುದನ್ನು ಕತ್ತರಿಸಿತೆಂಬುದನ್ನು ಅಲ್ಲೇ ನಿಂತು ಪೆನ್ಸಿಲ್‌ನಲ್ಲಿ ಬಿಡಿಸಿಕೊಳ್ಳಿ. ಮನೆಗೆ ಬಂದು ಫೋಟೊ ನೋಡಿ ಬಿಡಿಸಿದ ಚಿತ್ರದಲ್ಲಿ ಬಿರುಕು ಯಾವಾಗಲೂ ನಮಗೆ ಬೇಕಾದ ಕಡೆಗೇ ಹೋಗಿರುತ್ತದೆ.