ಟ್ಯಾಬ್ ಓವರ್‌ಕ್ಲಾಕ್: ಹ್ಯಾಂಗ್ ಆದರೆ ಬಚಾವ್

ಓವರ್‌ಕ್ಲಾಕ್ ಎಂದರೆ ಚಿಪ್ಪನ್ನು ಅದರ ಮೂಲ ವೇಗಕ್ಕಿಂತ ಜೋರಾಗಿ ಓಡಿಸುವುದು. ನಾನು ಕೈ ಹಾಕಿದ್ದು 2013ರ ನೆಕ್ಸಸ್ 7 ಟ್ಯಾಬ್‌ಗೆ. ನಾಲ್ಕು ಕೋರಿನ ಸ್ನ್ಯಾಪ್‌ಡ್ರ್ಯಾಗನ್ ಎಸ್4 ಪ್ರೊ, ಮೂಲ ವೇಗ 1512 ಮೆಗಾಹರ್ಟ್ಸ್. ಕಸ್ಟಮ್ ಕರ್ನಲ್ (ಚಿಪ್ಪನ್ನು ನಡೆಸುವ ಮೂಲ ಸಾಫ್ಟ್‌ವೇರಿನ ತಿದ್ದಿದ ಆವೃತ್ತಿ) ಹಾಕಿ 1728ಕ್ಕೆ ಏರಿಸಿದರೆ ವೇಗ ಶೇ. 14 ಹೆಚ್ಚು. ಆದರೆ ಆ ವೇಗವನ್ನು ಚಿಪ್ ತಾಳಬೇಕಾದರೆ ವೋಲ್ಟೇಜೂ ಏರಬೇಕು. ಶಾಖ ಏರುವುದು ವೇಗವನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದ ಲೆಕ್ಕದಲ್ಲಿ. ಈ ಶೇ. 14 ವೇಗದ ಜೊತೆ ಬರೀ ಶೇ. 5 ವೋಲ್ಟೇಜ್ ಕೂಡಿಸಿದರೂ ಚಿಪ್ ಎಳೆಯುವ ವಿದ್ಯುತ್ ಶೇ. 26 ಜಾಸ್ತಿ. ಲಾಭ 14, ದಂಡ 26.

ಕರ್ನಲ್ ಹಾಕಲು ಮೊದಲು ಬೂಟ್‌ಲೋಡರ್ (ಟ್ಯಾಬ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಮ್) ಅನ್‌ಲಾಕ್ ಮಾಡಬೇಕು, ಮಾಡಿದರೆ ಟ್ಯಾಬ್ ಪೂರ್ತಿ ಖಾಲಿ. ಫೋಟೊಗಳನ್ನು ಮೊದಲೇ ತೆಗೆದಿಡಿ. ಆಮೇಲೆ ಬ್ಯಾಕಪ್ ತೆಗೆಯಬಲ್ಲ ರಿಕವರಿ ಸಾಫ್ಟ್‌ವೇರ್ ಟಿಡಬ್ಲ್ಯೂಆರ್‌ಪಿ ಹಾಕಿ ಬೂಟ್, ಸಿಸ್ಟಮ್, ಡೇಟಾ ಮೂರರ ಬ್ಯಾಕಪ್ ಲ್ಯಾಪ್‌ಟಾಪಿಗೆ ಸಾಗಿಸಿದೆ. ಕರ್ನಲ್ ಕೂರುವುದು ಬೂಟ್ ಪಾರ್ಟಿಷನ್‌ನಲ್ಲಿ. ಟ್ಯಾಬ್ ಏಳದಿದ್ದರೆ ವಾಲ್ಯೂಮ್ ಡೌನ್, ಪವರ್ ಎರಡನ್ನೂ ಒತ್ತಿ ಹಿಡಿದು ಫಾಸ್ಟ್‌ಬೂಟ್‌ಗೆ (ಲ್ಯಾಪ್‌ಟಾಪಿನಿಂದ ಫೈಲ್ ಹಾಕಿಸಿಕೊಳ್ಳುವ ಮೋಡ್) ಹೋಗಿ ಹಳೇ ಬೂಟ್ ಇಮೇಜ್ ಹಾಕಿದರಾಯಿತು, ಡೇಟಾ ಉಳಿಯುತ್ತದೆ. ಬೂಟ್‌ಲೋಡರನ್ನೇ ಫ್ಲ್ಯಾಶ್ ಮಾಡಲು ಮಾತ್ರ ಹೋಗಬೇಡಿ. ಅದು ಅರ್ಧಕ್ಕೆ ನಿಂತರೆ ಟ್ಯಾಬ್ ಮತ್ತೆ ಏಳದ ಇಟ್ಟಿಗೆಯೇ.

ವೇಗವನ್ನು 108 ಮೆಗಾಹರ್ಟ್ಸ್‌ನಂತೆ ಒಂದೊಂದೇ ಮೆಟ್ಟಿಲು ಏರಿಸಿದೆ. ಪ್ರತಿ ಮೆಟ್ಟಿಲಲ್ಲೂ ಅರ್ಧ ಗಂಟೆ ಸ್ಟ್ರೆಸ್ ಟೆಸ್ಟ್. ‘ಬೂಟ್ ಆದಾಗಲೇ ಅನ್ವಯಿಸು’ ಎಂದು ವೇಗ ಬದಲಿಸುವ ಆ್ಯಪಿನಲ್ಲಿರುವ ಟಿಕ್ ಒಂದು ವಾರ ಮುಟ್ಟಲಿಲ್ಲ. ಟಿಕ್ ಇಲ್ಲದಿದ್ದರೆ ಹ್ಯಾಂಗ್ ಆದ ಟ್ಯಾಬ್ ರೀಸ್ಟಾರ್ಟ್‌ಗೆ ಹಳೇ ವೇಗಕ್ಕೆ ಮರಳುತ್ತದೆ. ಇದ್ದರೆ ಬೂಟ್ ಲೂಪ್, ಅಂದರೆ ಪೂರ್ತಿ ಏಳದೆ ಮತ್ತೆ ಮತ್ತೆ ರೀಸ್ಟಾರ್ಟ್. ಒಂದೇ ಮಾಡೆಲ್ ಆದರೂ ಚಿಪ್ಪಿನಿಂದ ಚಿಪ್ಪಿಗೆ ತಾಳಿಕೆ ಬೇರೆ, ಹಾಗಾಗಿ ಗೆಳೆಯನ ಟ್ಯಾಬ್‌ನ ಸೆಟ್ಟಿಂಗ್ ನಿಮ್ಮದಕ್ಕೆ ಹೊಂದಬೇಕೆಂದಿಲ್ಲ.

ಹ್ಯಾಂಗ್ ಆಗುವುದು ದೊಡ್ಡ ತೊಂದರೆಯೇ ಅಲ್ಲ, ಕಣ್ಣಿಗೆ ಕಾಣುತ್ತದಲ್ಲ! ಹ್ಯಾಂಗ್ ಆಗದೆ ಲೆಕ್ಕ ತಪ್ಪುವ ಚಿಪ್ ಅಪಾಯಕಾರಿ. ಎಲ್ಲೋ ಒಂದು ಬಿಟ್ ತಿರುಗಿದ ಫೈಲ್ ಹಾಗೇ ಸ್ಟೋರೇಜಿಗೆ ಇಳಿದರೆ, ಮುಂದೆ ಬ್ಯಾಕಪ್ಪಿಗೂ ಅದೇ ಹೋಗುತ್ತದೆ. ಹಿಡಿಯುವ ದಾರಿ: ಸುಮಾರು 1 ಜಿಬಿ ಫೈಲಿನ ಎಂಡಿ5 ಮೊತ್ತವನ್ನು (ಫೈಲ್ ಬದಲಾಗದಿದ್ದರೆ ಪ್ರತಿ ಸಲ ಅದೇ ಬರಬೇಕಾದ ಗುರುತು) ಟ್ಯಾಬ್ ಬಿಸಿಯಿರುವಾಗ 20 ಸಲ ತೆಗೆಯಿರಿ. ಒಂದೇ ಒಂದು ಸಲ ಬೇರೆ ಉತ್ತರ ಬಂದರೂ ಒಂದು ಮೆಟ್ಟಿಲು ಇಳಿಯಿರಿ.

ಇನ್ನು ಬ್ಯಾಟರಿ. ಕರ್ನಲ್ ಕೊಡುವ ಬ್ಯಾಟರಿ ಉಷ್ಣತೆ 385 ಎಂದಿದ್ದರೆ ಗಾಬರಿ ಬೇಡ, ಅದು 38.5 ಡಿಗ್ರಿ. 450ರ ಹತ್ತಿರ ಬಂದರೆ ಚಾರ್ಜರ್ ಕಿತ್ತುಬಿಡಿ. ಏಪ್ರಿಲ್ ಮಧ್ಯಾಹ್ನ ಮಂಡ್ಯದಲ್ಲಿ, ಅದರಲ್ಲೂ ಶೀಟ್ ಹೊದಿಸಿದ ಕೋಣೆಯಲ್ಲಿ, ಚಾರ್ಜಿಗೆ ಹಾಕಿಕೊಂಡು ಗೇಮ್ ಆಡಿದರೆ ಅಲ್ಲಿಗೆ ಮುಟ್ಟಲು ಹೆಚ್ಚು ಹೊತ್ತು ಬೇಡ. ಕೆಲವು ಕರ್ನಲ್‌ಗಳಲ್ಲಿ ಥರ್ಮಲ್ ಮಿತಿಯನ್ನೂ ಏರಿಸಬಹುದು. ಅದನ್ನು ಮುಟ್ಟಬೇಡಿ. ಮಿತಿ ಇದ್ದಲ್ಲೇ ಇಟ್ಟರೆ ಬಿಸಿಯಾದಾಗ ವೇಗ ತಾನೇ ಇಳಿಯುತ್ತದೆ. ಆಗ 1728 ಬರೀ ಹೆಸರಿಗೆ, ನಿಜ.

ಸ್ಕ್ರೀನ್ ಅಂಚು ಎದ್ದಂತೆ ಕಂಡರೆ ಬ್ಯಾಟರಿ ಊದಿದೆ ಎಂದೇ ತಿಳಿಯಿರಿ. ಒತ್ತಿ ಕೂರಿಸಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗಿಡಬೇಡಿ.

ನಾನು ಕೊನೆಗೆ ನಿಂತದ್ದು 1620ಕ್ಕೆ, 1512ರ ವೋಲ್ಟೇಜಿನಲ್ಲೇ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಅದನ್ನೂ 1512ಕ್ಕೆ ಇಳಿಸಿಡುತ್ತೇನೆ.