ಕೌಂಟರಿನ ಆಚೆಗೂ ಕೇಳಿಸುವ ಹಾಗೆ

ಮಗನಿಗೆ ಏಳು ತುಂಬೋಕೆ ಎರಡು ತಿಂಗಳಿದ್ದಾಗ ಅವನ ಎತ್ತರ 110 ಸೆಂಟಿಮೀಟರ್. ಶಾಲೆಯ ಪ್ರೇಯರ್ ಸಾಲಿನಲ್ಲಿ ಯಾವತ್ತೂ ಅವನೇ ಮೊದಲು. ಹನುಮಂತನಗರದ ನಮ್ಮ ಬೀದಿಯಲ್ಲಿ ಸಿಕ್ಕವರೆಲ್ಲ ಕೆನ್ನೆ ಹಿಂಡಿ, "ಯುಕೆಜಿನಾ ಪುಟ್ಟ?" ಅಂತ ಕೇಳೋರು. ಅವನು ನನ್ನ ಹಿಂದೆ ಸರಿದು ದುಪಟ್ಟಾ ಹಿಡಿದುಕೊಳ್ಳುತ್ತಿದ್ದ. "ಇಲ್ಲ, ಒಂದನೇ ಕ್ಲಾಸು" ಅಂತ ನಾನೇ ಉತ್ತರ ಕೊಡುತ್ತಿದ್ದೆ. ಎಡವಟ್ಟು ಶುರುವಾಗಿದ್ದೇ ಅಲ್ಲಿ ಅನ್ನುವುದು ನನಗೆ ಹೊಳೆಯಲು ತುಂಬಾ ದಿನ ಹಿಡಿಯಿತು.

ಮೊದಲು ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಒಂದು ದಿನದ ಅಳತೆಗಿಂತ ವರ್ಷಕ್ಕೆ ಎಷ್ಟು ಬೆಳೆಯುತ್ತಾನೆ ಅನ್ನುವುದು ಮುಖ್ಯ ಅಂದರು ಅವರು. ಈ ವಯಸ್ಸಿನಲ್ಲಿ ವರ್ಷಕ್ಕೆ 5ರಿಂದ 6 ಸೆಂಟಿಮೀಟರ್ ಬೆಳೆಯಬೇಕು. ಬಾಗಿಲ ಚೌಕಟ್ಟಿನ ಮೇಲೆ ನಾವು ಹಾಕಿದ್ದ ಪೆನ್ಸಿಲ್ ಗೆರೆಗಳ ಪ್ರಕಾರ ಇವನು ಐದೂವರೆ ಬೆಳೆದಿದ್ದ. ಆಮೇಲೆ ಒಂದು ಲೆಕ್ಕ ಹೇಳಿಕೊಟ್ಟರು: ಅಪ್ಪ ಅಮ್ಮನ ಎತ್ತರ ಕೂಡಿಸಿ, ಗಂಡು ಮಗುವಾದರೆ 13 ಸೇರಿಸಿ, ಹೆಣ್ಣಾದರೆ 13 ಕಳೆದು, ಅರ್ಧ ಮಾಡಬೇಕು. ನಾನು 150, ನನ್ನ ಗಂಡ 162. ಬಂದಿದ್ದು 162.5. ಅದರ ಆಚೀಚೆ ಕೆಲವು ಸೆಂಟಿಮೀಟರ್ ಇರಬಹುದು. "ನಿಮ್ಮಿಬ್ಬರ ಮಗ ನಿಮ್ಮ ಹಾಗೇ ಇದ್ದಾನೆ. ಬೆಳವಣಿಗೆ ನಿಧಾನವಾದರೆ, ಚಾರ್ಟಿನಲ್ಲಿ ತನ್ನ ಗೆರೆ ಬಿಟ್ಟು ಕೆಳಗಿಳಿದರೆ ಬನ್ನಿ, ಥೈರಾಯ್ಡ್, ಮೂಳೆಯ ವಯಸ್ಸು ಎಲ್ಲ ನೋಡೋಣ" ಅಂದರು. ಮಗು ಗಿಡ್ಡ ಅಂತ ಕೊರಗುವವರು ಎಲ್ಲಕ್ಕಿಂತ ಮೊದಲು ಈ ಕೆಲಸ ಮಾಡಿ. ಆಮೇಲೆ ಹಾಲಿಗೆ ಬೆರೆಸುವ ಪುಡಿಗಳ ಚಿಂತೆ ತಾನಾಗಿ ಬಿಟ್ಟುಹೋಗುತ್ತದೆ.

ನನ್ನ ಚಿಂತೆ ಬಿಟ್ಟಿತು, ಮಗನದು ಬಿಡಲಿಲ್ಲ. ಮನೆಗೆ ಬಂದವರು "ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಕಣೋ" ಅಂತ ಸಮಾಧಾನ ಹೇಳಿ ಹೋಗೋರು. ಒಂದು ರಾತ್ರಿ ಮಲಗುವಾಗ ಕೇಳಿದ: "ಅಮ್ಮ, ನಂಗೆ ಕೀರ್ತಿ ಬರದಿದ್ರೆ?" ಕೀರ್ತಿ ಬಂದರಷ್ಟೇ ಗಿಡ್ಡ ಇರುವುದಕ್ಕೆ ಮಾಫಿ ಅಂತ ಮಗು ಅರ್ಥ ಮಾಡಿಕೊಂಡಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಗಾದೆ ಹೇಳುವುದನ್ನು ನಿಲ್ಲಿಸಿದೆವು.

ನಿಧಾನಕ್ಕೆ ಇನ್ನೊಂದೂ ಕಣ್ಣಿಗೆ ಬಿತ್ತು. ಅವನ ಎತ್ತರ ನೋಡಿ ನಾವೆಲ್ಲ ಅವನನ್ನು ನಾಲ್ಕು ವರ್ಷದವನ ಹಾಗೆ ಸಾಕುತ್ತಿದ್ದೆವು. ಬ್ಯಾಗು ನಾನು ಹೊರುತ್ತಿದ್ದೆ, ಶೂ ಅವರಪ್ಪ ಹಾಕುತ್ತಿದ್ದರು, ನೀರಿನ ಲೋಟ ಅಜ್ಜಿ ಕೈಗೆ ಕೊಡುತ್ತಿದ್ದರು. ಹಾಗಾಗಿ ಮೊದಲು ಮನೆಯನ್ನೇ ಅವನಿಗೆ ಎಟುಕುವ ಹಾಗೆ ಮಾಡಿದೆವು. ವಾಶ್‌ಬೇಸಿನ್ ಹತ್ತಿರ ಗಟ್ಟಿ ಮಣೆ, ಟವೆಲಿಗೆ ಕೆಳಗೆ ಒಂದು ಮೊಳೆ, ಅವನ ತಟ್ಟೆ ಲೋಟ ಕೆಳಗಿನ ಶೆಲ್ಫಿಗೆ. ಏಳು ವರ್ಷದವನು ಮಾಡಬೇಕಾದ ಕೆಲಸ ಅವನೇ ಮಾಡಬೇಕು. ಹದಿನೈದು ದಿನ ನೆಲ ಒದ್ದೆಯಾಯಿತು, ಅಷ್ಟೇ.

ಮುಂದಿನದು ಹಾಲು. ಬೆಳಿಗ್ಗೆ ಬೀದಿ ತುದಿಯ ಅಂಗಡಿಯಿಂದ ನಂದಿನಿ ನೀಲಿ ಪ್ಯಾಕೆಟ್ ತರುವುದು ಅವನ ಕೆಲಸ ಅಂತ ಆಯಿತು. ರಸ್ತೆ ದಾಟುವ ಹಾಗಿಲ್ಲ. ನಾನು ನಾಲ್ಕು ಮನೆ ಈಚೆ ಗೇಟಿನ ಹತ್ತಿರ ನಿಂತಿರುತ್ತಿದ್ದೆ. ಮೊದಲ ದಿನ ಅವನ ತಲೆಗಿಂತ ಕೌಂಟರೇ ಎತ್ತರ. ಹಿಂದೆ ಬಂದ ದೊಡ್ಡವರು ಅವನ ತಲೆ ಮೇಲಿಂದ ಕೈ ಚಾಚಿ ತಗೊಂಡು ಹೋದರು, ಒಬ್ಬರಾದ ಮೇಲೆ ಒಬ್ಬರು. ಹೋಗಿ ಕೊಡಿಸಿಬಿಡೋಣ ಅಂತ ಕಾಲು ಎಳೆಯುತ್ತಿತ್ತು. ತಡೆದುಕೊಂಡೆ. ಅವನು ಬರಿಗೈಯಲ್ಲಿ, ತುಟಿ ಕಚ್ಚಿಕೊಂಡು ಬಂದ.

ಆ ಸಂಜೆ ತಾತ ಅವನಿಗೆ ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಕಥೆ ಹೇಳಿದರು. ಭದ್ರಾವತಿಯಲ್ಲಿ ಹುಟ್ಟಿದ, ಕುಳ್ಳಗಿನ ನಮ್ಮ ವಿಶಿ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಮೇಲೆ ಮೊದಲ ಟೆಸ್ಟ್ ಆಡಿದ್ದು, ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ತಾತನಿಗೆ 137ರ ಹೆಮ್ಮೆ. ಮಗನಿಗೆ ಹಿಡಿಸಿದ್ದು ಸೊನ್ನೆ. "ಸೊನ್ನೆ ಹೊಡೆದ್ಮೇಲೂ ಮತ್ತೆ ಆಡೋಕೆ ಬಿಟ್ರಾ ತಾತ?" ಅಂತ ಎರಡು ಸಲ ಕೇಳಿದ.

ಆಮೇಲೆ ಅಡುಗೆಮನೆ ಕಟ್ಟೆಯೇ ಅಂಗಡಿ, ನಾನು ಅಂಗಡಿಯವಳು. ಕಾಣದಿದ್ದರೆ ಕೇಳಿಸಬೇಕು ಅನ್ನುವುದೊಂದೇ ಪಾಠ. ಕಿರುಚುವುದು ಬೇಡ, ಹೊಟ್ಟೆಯಿಂದ ದನಿ ತೆಗೆ, ಮೊದಲು "ಅಂಕಲ್" ಅನ್ನು, ಅವರು ನೋಡುವ ತನಕ ಕಾಯಿ, ಆಮೇಲೆ ಏನು ಬೇಕೋ ಹೇಳು. ಕೌಂಟರಿನ ಮುಂದೆ ನಿಲ್ಲುವ ಬದಲು ಬ್ರೆಡ್ ಇಡುವ ಸ್ಟ್ಯಾಂಡಿನ ಪಕ್ಕ ನಿಂತರೆ ಅಂಗಡಿಯವರಿಗೆ ಮುಖ ಕಾಣುತ್ತದೆ ಅಂತ ಅವನೇ ಕಂಡುಹಿಡಿದ. ಮೂರನೇ ದಿನ ಗೇಟಿನ ತನಕ ಕೇಳಿಸಿತು: "ಅಂಕಲ್, ಅರ್ಧ ಲೀಟರ್ ನೀಲಿ!" ಹಾಲಿನ ಪ್ಯಾಕೆಟ್ಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಬಂದ. ನನ್ನ ಕಣ್ಣು ತುಂಬಿತು.

ಶಾಲೆಯಲ್ಲಿ ನಾನು ಕೇಳಿಕೊಂಡಿದ್ದು ಎರಡೇ ವಿಷಯ. ಇವನು ಸುಮ್ಮನೆ ಕೂರಲ್ಲ ಅನ್ನುವ ದೂರಿತ್ತು. ನೋಡಿದರೆ ಬೆಂಚಿನಿಂದ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕಾಲು ಜೋತುಬಿದ್ದರೆ ದೊಡ್ಡವರೂ ಒದ್ದಾಡುತ್ತಾರೆ. ಕಾಲಿಡೋಕೆ ಒಂದು ಮರದ ಹಲಗೆ ಕೊಟ್ಟೆವು, ದೂರು ಕಡಿಮೆಯಾಯಿತು. ಹಾಜರಿ ಪುಸ್ತಕವನ್ನು ಆಫೀಸಿಗೆ ಕೊಟ್ಟು ಬರುವಂಥ ಕೆಲಸ ಅವನಿಗೂ ಕೊಡಿ ಅನ್ನುವುದು ಎರಡನೆಯದು. ಮಿಸ್ ಒಪ್ಪಿಕೊಂಡರು.

"ಗಿಡ್ಡ" ಅಂತ ಕರೆಯುವ ಹುಡುಗರು ಈಗಲೂ ಇದ್ದಾರೆ. ಅದಕ್ಕೆ ಮನೆಯಲ್ಲೇ ಹೇಳಿ ಹೇಳಿ ರೂಢಿ ಮಾಡಿಸಿದ ಮಾತು ಒಂದೇ: "ಹೆಸರು ಹಿಡಿದು ಕರಿ." ಅಷ್ಟು ಹೇಳಿ ಆಟಕ್ಕೆ ವಾಪಸ್. ತಿರುಗಿ ಇನ್ನೊಂದು ಅಡ್ಡಹೆಸರು ಇಡುವ ಹಾಗಿಲ್ಲ. ಕೈ ಮಾಡಿದರೆ, ತಳ್ಳಿದರೆ ಮಿಸ್‌ಗೆ ಹೇಳಲೇಬೇಕು, ಅದು ಚಾಡಿಯಲ್ಲ. ಕೆಲವು ದಿನ ಈ ಮಾತು ನಡೆಯುತ್ತದೆ. ಕೆಲವು ದಿನ ಬ್ಯಾಗು ಎಸೆದು ಅಳುತ್ತಾನೆ. ಆಗ ಪಾಠ ಹೇಳುವುದಿಲ್ಲ, ಮಡಿಲಲ್ಲಿ ಕೂರಿಸಿಕೊಳ್ಳುತ್ತೇನೆ.

ಎಲ್ಲಕ್ಕಿಂತ ಕಷ್ಟವಾಗಿದ್ದು ನನ್ನ ಬಾಯಿ ಕಟ್ಟುವುದು. ಮೊನ್ನೆ ಲಾಲ್‌ಬಾಗ್ ಬಂಡೆ ಹತ್ತುವಾಗ ಹಿರಿಯರೊಬ್ಬರು ಅದೇ "ಯುಕೆಜಿನಾ ಪುಟ್ಟ?" ಕೇಳಿದರು. ನಾಲಿಗೆ ತುದಿಗೆ ಬಂದ ಉತ್ತರ ನುಂಗಿಕೊಂಡೆ. ಅವನು ತಲೆಯೆತ್ತಿ ಅವರ ಮುಖ ನೋಡಿ, "ಎರಡನೇ ಕ್ಲಾಸು ತಾತ" ಅಂದ. ದುಪಟ್ಟಾ ಹಿಡಿಯಲಿಲ್ಲ.

ಶಾಲೆಯ ವಾರ್ಷಿಕೋತ್ಸವದಲ್ಲಿ ಎರಡು ವರ್ಷದಿಂದ ಅವನಿಗೆ ಮೊಲದ ಪಾರ್ಟು, ಒಂದೂ ಮಾತಿಲ್ಲ. ಈ ಸಲ ಮಾತಿರುವ ಪಾರ್ಟು ಬೇಕು ಅಂತ ತಾನೇ ಹೋಗಿ ಮಿಸ್‌ನ ಕೇಳಿದ್ದಾನೆ. ನೋಡೋಣ ಅಂದಿದ್ದಾರಂತೆ. ಗೇಟಿನ ಹತ್ತಿರ ನಿಂತ ಹಾಗೆ ನಾನೂ ಕಾಯುತ್ತಿದ್ದೇನೆ.